ಅಪ್‌ಡೇಟ್: ಅಜ್ಜನ ರೈಫಲ್‌ನ ಬಿಗಿ ಟ್ರಿಗರ್

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ತೆಂಗಿನಕಾಯಿ ಗುರಿಗೆ ಅಜ್ಜನ ಬೋಲ್ಟ್ ಆ್ಯಕ್ಷನ್ ರೈಫಲ್ ಎತ್ತಿದರೆ, ಟ್ರಿಗರ್ ಎಳೆಯುವಷ್ಟರಲ್ಲಿ ನಳಿಗೆಯೇ ಪಕ್ಕಕ್ಕೆ ಸರಿಯುತ್ತದೆ, ಸ್ಪ್ರಿಂಗ್ ಕತ್ತರಿಸಿ ಹಗುರ ಮಾಡಲೇ ಎಂದು ಕೇಳಿದ್ದೆ. ಬೇಡ ಎಂದವರಿಗೆಲ್ಲ ಕೈಮುಗಿಯುತ್ತೇನೆ.

ಗೋಣಿಕೊಪ್ಪದಲ್ಲಿ ಕೋವಿ ರಿಪೇರಿಯವರು ಬಿಚ್ಚಿ ತೋರಿಸಿದರು: ಎಷ್ಟೋ ಮಳೆಗಾಲದ ಹಳೇ ಎಣ್ಣೆ ಹಲಸಿನ ಮೇಣದ ಹಾಗೆ ಗುಂಡಿಗೆ ಹೊಡೆಯುವ ಪಿನ್ನನ್ನು ಟ್ರಿಗರ್ ಎಳೆಯುವವರೆಗೂ ತಡೆದಿಡುವ ಸಿಯರ್ ಎಂಬ ಕೊಕ್ಕೆಗೆ ಮೆತ್ತಿಕೊಂಡಿತ್ತು. ತೊಳೆದದ್ದಕ್ಕೇ ಎಳೆತ 3 ಕಿಲೋದಿಂದ 2ಕ್ಕೆ ಇಳಿಯಿತು. ಇನ್ನೂ ಇಳಿಸಿ ಎಂದೆ, ಒಪ್ಪಲಿಲ್ಲ. ಖಾಲಿ ಕೋವಿಯ ಬೋಲ್ಟನ್ನು ರಪ್ಪನೆ ಮುಚ್ಚಿ, ಮರದ ಹಿಡಿಗೆ ರಬ್ಬರ್ ಸುತ್ತಿಗೆಯಿಂದ ಕುಟ್ಟಿದರು. ಪಿನ್ ಬೀಳಲಿಲ್ಲ. ಇನ್ನೂ ಹಗುರ ಮಾಡಲು ಹೋಗಿ ಸಿಯರ್ ಹಿಡಿತ ತೀರಾ ತೆಳುವಾದರೆ ಅಷ್ಟಕ್ಕೇ ಬೀಳಬಹುದು, ಒಳಗೆ ಗುಂಡಿದ್ದರೆ ಹಾರುತ್ತದೆ. ಸುತ್ತ ಮಕ್ಕಳು ನಿಂತಿರುವ ಹಬ್ಬದಲ್ಲಿ ಅದು ನನಗೂ ಬೇಡ.

ನಿನ್ನೆ ಖಾಲಿ ಕೋವಿಯಲ್ಲೇ ಗುರಿ ಹಿಡಿದು ನೋಡಿದೆ, ನಳಿಗೆ ಅಲುಗಲಿಲ್ಲ.