ಸಹಾಯ ಬೇಕು: ಪೆಟ್ರಿಕೋರ್‌ಗೆ ನಿಮ್ಮ ಊರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಗೋಡೆ ಪತ್ರಿಕೆಗೆ ಮಳೆಯ ಬಗ್ಗೆ ಬರೆಯುತ್ತಿದ್ದೇನೆ. ಪೆಟ್ರಿಕೋರ್ ಅನ್ನೋ ಇಂಗ್ಲಿಷ್ ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ. ಒಣಗಿದ ನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ ಅದು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಕಟ್ಟಿದ ಪದ. ಗ್ರೀಕ್‌ನಲ್ಲಿ ಪೆಟ್ರಾ ಅಂದರೆ ಬಂಡೆ. ಇಕೋರ್ ಅಂದರೆ ಗ್ರೀಕ್ ಪುರಾಣದ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಎಷ್ಟು ಚೆಂದದ ಕಲ್ಪನೆ ಅಲ್ವಾ!

ನಮ್ಮ ದೇಶದಲ್ಲೇ, ಉತ್ತರ ಪ್ರದೇಶದ ಕನೌಜ್‌ನಲ್ಲಿ ಇದೇ ವಾಸನೆಯನ್ನು ಸುಟ್ಟ ಮಣ್ಣಿನಿಂದ ಬಟ್ಟಿ ಇಳಿಸಿ ಅತ್ತರು ಮಾಡುತ್ತಾರೆ.

ಮೊನ್ನೆ ನಾಲ್ಕು ಹನಿ ಬಿದ್ದಾಗ ಅಮ್ಮ ಹೊಸ್ತಿಲಲ್ಲೇ ನಿಂತು, 'ಮಣ್ಣು ಘಮ್ ಅಂತಿದೆ ನೋಡು' ಅಂದರು. ಇದಕ್ಕೊಂದು ಹೆಸರು ಬೇಕು. 'ಮಣ್ಣಿನ ವಾಸನೆ' ಅಂತ ಬರೆದರೆ ಸಪ್ಪೆ ಅನ್ನಿಸುತ್ತದೆ. ನಿಮ್ಮ ಕಡೆ ಹಿರಿಯರು, ರೈತರು ಬಳಸುವ ಒಂದೇ ಪದ ಇದ್ದರೆ ಊರಿನ ಹೆಸರಿನ ಜೊತೆ ದಯವಿಟ್ಟು ತಿಳಿಸಿ.