ಮೋಕಾ ಪಾಟ್ ಕ್ಯಾಂಪಿಗೆ ಒಯ್ಯೋಕೆ ಏನೇನು ಬದಲಾಯಿಸಬೇಕು?

ಪ್ರಶ್ನೆ (ಚಿತ್ರದುರ್ಗ): ಮೂರು ಕಪ್ಪಿನ ಅಲ್ಯೂಮಿನಿಯಂ ಮೋಕಾ ಪಾಟ್ (ಕೆಳಗಿನ ಪಾತ್ರೆಯ ನೀರು ಆವಿಯ ಒತ್ತಡಕ್ಕೆ ನಡುವಿನ ಕಾಫಿಪುಡಿ ಹಾದು ಮೇಲಿನ ಪಾತ್ರೆಗೆ ಏರೋ ಕಾಫಿ ಪಾತ್ರೆ). ಜೋಗಿಮಟ್ಟಿ ಕಡೆ ಗಾಳಿಗೆ ಗ್ಯಾಸ್ ಸ್ಟೌ ಉರಿ ಒಂದೇ ಕಡೆ ವಾಲಿ ಹಿಡಿ ಸುಟ್ಟು ಬಿರುಕು ಬಿಟ್ಟಿದೆ. ಸ್ಟೌ ಕಾಲುಗಳ ಮೇಲೆ ಪಾಟ್ ಸರಿಯಾಗಿ ಕೂರಲ್ಲ. ನಡುವಿನ ವಾಷರ್ ಹತ್ರ ಸೋರುತ್ತೆ, ಎಂ-ಸೀಲ್ ಹಚ್ಚಲಾ?

ಉತ್ತರ (ದಾವಣಗೆರೆ): ಎಂ-ಸೀಲ್ ಬೇಡವೇ ಬೇಡ ಸರ್. ಅದು ಕುಡಿಯೋ ಕಾಫಿಗೆ ತಾಗೋ ಜಾಗ. ಅದೇ ಅಳತೆಯ ಸಿಲಿಕಾನ್ ವಾಷರ್ ಹಾಕಿ. ಮೊದಲು ಅಂಚಿಗೆ ಅಂಟಿದ ಕಾಫಿಪುಡಿ ಒರೆಸಿ ನೋಡಿ, ಎಷ್ಟೋ ಸಲ ಸೋರೋದು ಅದಕ್ಕೇ.

ಹಿಡಿ ಕೆಲವಕ್ಕೆ ಸ್ಕ್ರೂನಲ್ಲಿ, ಕೆಲವಕ್ಕೆ ಪಿನ್ನಲ್ಲಿ ಕೂತಿರುತ್ತೆ. ಬಿಚ್ಚಿ ಇಕ್ಕಳದಲ್ಲಿ ಎತ್ತಿದರೆ ಸಾಕು, ಚೀಲದಲ್ಲೂ ಜಾಗ ಉಳಿಯುತ್ತೆ. ಹೊಸ ಹಿಡಿಗೆ ಅಂತ ಮೇಲಿನ ಪಾತ್ರೆಗೆ ತೂತು ಕೊರೆಯಬೇಡಿ, ಕಾಫಿ ಅಲ್ಲೇ ಸೋರುತ್ತೆ. ಹಿಡಿ ಇಟ್ಟುಕೊಳ್ಳೋದಾದ್ರೆ ಅದನ್ನ ಗಾಳಿ ಬರೋ ಕಡೆಗೆ ತಿರುಗಿಸಿಡಿ, ಉರಿ ಆಚೆ ವಾಲುತ್ತೆ.

ಕಾಲುಗಳ ಮೇಲೆ ದಪ್ಪ ಸ್ಟೀಲ್ ಜಾಲರಿ ತುಂಡು ಇಡಿ. ಗಾಳಿಗೆ ಎಣ್ಣೆ ಡಬ್ಬದ ತಗಡು ಮರೆ ಮಾಡಿ, ಆದ್ರೆ ಸುತ್ತ ಮುಚ್ಚಬಾರದು. ಬರ್ನರ್ ಕೆಳಗೇ ಗ್ಯಾಸ್ ಡಬ್ಬ ಇರೋ ಸ್ಟೌ ಆದ್ರೆ ಶಾಖ ಒಳಗೇ ನಿಂತು ಡಬ್ಬ ಸಿಡಿಯೋ ಅಪಾಯ. ಒಂದು ಕಡೆ ಪೂರ್ತಿ ತೆರೆದಿರಲಿ. ಆಗಾಗ ಡಬ್ಬ ಮುಟ್ಟಿ, ಬಿಸಿ ಅನಿಸಿದರೆ ತಕ್ಷಣ ಆರಿಸಿ.

ಇನ್ನೊಂದು ಉತ್ತರ: ಸೇಫ್ಟಿ ವಾಲ್ವ್ (ಕೆಳಗಿನ ಪಾತ್ರೆಯ ಪಕ್ಕದಲ್ಲಿರೋ, ಒತ್ತಡ ಹೆಚ್ಚಾದ್ರೆ ಆವಿ ಹೊರಬಿಡೋ ಭಾಗ) ಮಾತ್ರ ಬದಲಾಯಿಸೋಕೆ ಹೋಗಬೇಡಿ. ನೀರು ಅದರ ಕೆಳಗಿರಲಿ, ವಾಲ್ವ್ ಬಾಯಿ ಜನರ ಕಡೆ ಬೇಡ. ನಮ್ಮ ಬೋರ್ ನೀರಿನ ಗಡಸಿಗೆ ಅದರೊಳಗೆ ಬಿಳಿ ಪೊರೆ ಕಟ್ಟುತ್ತೆ. ವಾಲ್ವ್ ನಡುವೆ ಸಣ್ಣ ಕಡ್ಡಿ ಇದ್ದರೆ, ಒತ್ತಿದಾಗ ಅದು ಒಳಗೆ ಹೋಗಿ ವಾಪಸ್ ಬರಬೇಕು. ಕ್ಯಾನ್ ನೀರು ಬಳಸಿ.

ಸೋರೋಕೆ ಪುಡಿಯೂ ಕಾರಣ ಆಗಬಹುದು. ಚಿಕೋರಿ ಬೆರೆತ ನುಣ್ಣನೆ ಫಿಲ್ಟರ್ ಪುಡಿ ಒದ್ದೆಯಾಗಿ ಜಿಗುಟಾಗುತ್ತೆ, ನೀರು ಮೇಲೇರದೆ ಒತ್ತಡ ವಾಷರ್ ಕಡೆ ತಿರುಗುತ್ತೆ. ಚಿಕೋರಿ ಇಲ್ಲದ್ದು, ಸಣ್ಣ ರವೆಗಿಂತ ತುಸು ನುಣುಪು, 15 ಗ್ರಾಂ. ಒತ್ತಬೇಡಿ. ನೀರು ಬೇರೆ ಪಾತ್ರೇಲಿ ಕಾಯಿಸಿ ಹಾಕಿದರೆ ಪಾಟ್ ಉರಿ ಮೇಲಿರೋ ಹೊತ್ತು ಕಡಿಮೆ.

ಪ್ರಶ್ನೆ ಕೇಳಿದವರು: ಹಿಡಿಯ ಪಿನ್ ಅಲುಗಾಡ್ತಿಲ್ಲ.

ಉತ್ತರ (ದಾವಣಗೆರೆ): ತುದಿಗಳನ್ನ ನೋಡಿ. ಒಂದರ ಸುತ್ತ ಸಣ್ಣ ಗೀರುಗಳಿದ್ದರೆ ಅದೇ ಬಿಗಿ ತುದಿ, ಹೊರಗೆ ಬರಬೇಕಾದ್ದೂ ಅದೇ. ಎದುರು ತುದಿಗೆ ಮೊನೆ ಉಜ್ಜಿ ಚಪ್ಪಟೆ ಮಾಡಿದ ಮೊಳೆ ಇಟ್ಟು ಮೆಲ್ಲಗೆ ತಟ್ರಿ. ಕೆಳಗೆ ಮರದ ತುಂಡು ಇರಲಿ, ಪಿನ್ ಕೂರೋ ಅಲ್ಯೂಮಿನಿಯಂ ಕಿವಿ ಬೇಗ ಮುರಿಯುತ್ತೆ. ಮುಚ್ಚಳ ಕೂರೋದೂ ಅದೇ ಪಿನ್ನಲ್ಲಾದ್ರೆ ಹಿಡಿ ತೆಗೆದ ಮೇಲೆ ವಾಪಸ್ ಹಾಕಿ.