ನಾಕು ವರ್ಷದ ಮಗು ತಪ್ಪು ಉತ್ತರ ಕೊಟ್ರೆ ಗಾಬರಿ ಬೇಡ (ಸ್ವಲ್ಪ ಉದ್ದ ಪೋಸ್ಟು)

ಮೊನ್ನೆ ಇಲ್ಲಿ ಒಬ್ರು ಮೇಡಂ ಕೇಳಿದ್ರಲ್ಲ, ಮಗನಿಗೆ ನಾಕು ವರ್ಷ, ಜತೆ ಮಕ್ಳೆಲ್ಲ ಆಗ್ಲೇ ಕೂಡೋ ಲೆಕ್ಕ ಮಾಡ್ತಾವೆ ಇವ್ನು ಮಾಡಲ್ಲ, ವರ್ಕ್‌ಶೀಟ್ ಶುರು ಮಾಡ್ಬೇಕಾ, ಮನೇಲಿ ಕನ್ನಡ ನಿಲ್ಸಿ ಇಂಗ್ಲಿಷಲ್ಲೇ ಮಾತಾಡ್ಬೇಕಾ ಅಂತ. ಕೆಳಗೆ ಕಾಮೆಂಟ್ ಬರೆಯಕ್ಕೆ ಶುರು ಮಾಡ್ದೆ, ಉದ್ದ ಆಗ್ತಾ ಹೋಯ್ತು, ಅದಕ್ಕೇ ಇದು. ನಾನು ಸೈಕಾಲಜಿ ಓದಿದವನಲ್ಲ, ಎರಡು ಮಕ್ಳ ಅಪ್ಪ ಅಷ್ಟೇ. ಮಗಳು ಚಿಕ್ಕೋಳಿದ್ದಾಗ ಇದೇ ಭಯ ಹತ್ಕೊಂಡು ನಿದ್ದೆಗೆಟ್ಟು ಓದಿದ್ದು.

ಮೊದ್ಲು ನೀರಿನ ಕತೆ ಹೇಳ್ತೀನಿ. ಮಗನಿಗೆ ಈಗ ನಾಕೂವರೆ. ಒಂದೇ ತರದ ಎರಡು ಲೋಟಕ್ಕೆ ನೀರು ಹಾಕ್ದೆ, ಅವ್ನೇ ಬಗ್ಗಿ ಕಣ್ಣು ಲೋಟದ ಮಟ್ಟಕ್ಕಿಟ್ಟು ನೋಡಿ "ಸಮ ಇದೆ" ಅಂದ. ಅವನ ಕಣ್ಣೆದುರಿಗೇ ಒಂದನ್ನ ಉದ್ದ ಸಪೂರ ಬಾಟ್ಲಿಗೆ ಸುರಿದೆ. ಈಗ ಯಾವ್ದ್ರಲ್ಲಿ ಜಾಸ್ತಿ? ಬಾಟ್ಲೀಲಿ ಅಂತೆ. ನೀನೇ ಸಮ ಅಂದ್ಯಲ್ಲೋ ಅಂದ್ರೆ, "ಹೂಂ, ಆದ್ರೆ ಈಗ ಮೇಲಕ್ ಹೋಯ್ತಲ್ಲ" ಅಂತಾನೆ. ಎಂಟು ವರ್ಷದ ಅಕ್ಕ ಹಣೆ ಚಚ್ಕೊಂಡು "ವಾಪಸ್ ಸುರಿದ್ರೆ ಅಷ್ಟೇ ಆಗತ್ತೆ ಕಣೋ ಪೆದ್ದ" ಅಂದ್ಲು. ತಮಾಷೆ ಏನಂದ್ರೆ ಅವ್ಳು ನಾಕು ವರ್ಷದವಳಿದ್ದಾಗ ಇದೇ ಉತ್ರ ಕೊಟ್ಟಿರೋ ವಿಡಿಯೋ ನನ್ ಫೋನಲ್ಲಿದೆ, ತೋರ್ಸಿದ್ರೆ ಅದು ನಾನಲ್ಲ ಅಂತ ವಾದ ಮಾಡ್ತಾಳೆ.

ಇದು ಜಾನ್ ಪಿಯಾಜೆ ಅನ್ನೋ ಸ್ವಿಸ್ ವಿಜ್ಞಾನಿ (1896-1980) ಮಾಡ್ತಿದ್ದ ಪರೀಕ್ಷೆ. ಈ ಮನುಷ್ಯ ಮೊದ್ಲು ಬಸವನಹುಳು, ಕಪ್ಪೆಚಿಪ್ಪು ಇಂಥವನ್ನ ಅಭ್ಯಾಸ ಮಾಡ್ತಿದ್ದೋರು. ಆಮೇಲೆ ಪ್ಯಾರಿಸ್‌ನಲ್ಲಿ ಮಕ್ಳ ಬುದ್ಧಿ ಪರೀಕ್ಷೆಯ ಪ್ರಶ್ನೆಗಳನ್ನ ಸರಿಪಡಿಸೋ ಕೆಲಸ ಸಿಕ್ತು. ಎಷ್ಟು ಸರಿ ಅಂತ ಎಣಿಸ್ಬೇಕಿತ್ತು, ಇವ್ರ ಕಣ್ಣು ಬಿದ್ದಿದ್ದು ತಪ್ಪುಗಳ ಮೇಲೆ. ಒಂದೇ ವಯಸ್ಸಿನ ಮಕ್ಳು ಒಂದೇ ತರ ತಪ್ಪು ಮಾಡ್ತಿದ್ವು. ಅಂದ್ರೆ ಮಗು ಅಂದ್ರೆ ಕಮ್ಮಿ ಗೊತ್ತಿರೋ ದೊಡ್ಡೋರಲ್ಲ, ಅದು ಯೋಚ್ನೆ ಮಾಡೋ ರೀತಿಯೇ ಬೇರೆ ಅಂತ. ಅಲ್ಲಿಂದ್ಲೇ ಅವ್ರ ನಾಕು ಹಂತ ಬಂದಿದ್ದು, ಸುಮಾರು ಎರಡು ವರ್ಷದ ತನಕ ಕೈ ಬಾಯಿ ಕಣ್ಣಲ್ಲೇ ಯೋಚ್ನೆ, ಏಳರ ತನಕ ಕಂಡಿದ್ದೇ ನಿಜ, ಆಮೇಲೆ ಕಣ್ಮುಂದಿರೋ ವಸ್ತು ಬಗ್ಗೆ ತರ್ಕ, ಹನ್ನೊಂದ್ರ ಮೇಲೆ "ಹೀಗಾಗಿದ್ರೆ?" ಅನ್ನೋ ಊಹೆ ತರ್ಕ. ಇದನ್ನೆಲ್ಲ ಬೇಗ ಬೇಗ ದಾಟಿಸೋದು ಹೇಗೆ ಅಂತ ಅಮೆರಿಕಾದಲ್ಲಿ ಅವ್ರನ್ನ ಎಷ್ಟು ಸಲ ಕೇಳಿದ್ರಪ್ಪ ಅಂದ್ರೆ ಅವ್ರು ಅದಕ್ಕೆ "ಅಮೆರಿಕನ್ ಪ್ರಶ್ನೆ" ಅಂತ್ಲೇ ಹೆಸ್ರಿಟ್ಟಿದ್ರು. ನಮ್ ಗ್ರೂಪಿನ ಅರ್ಧ ಪೋಸ್ಟು ಅದೇ ಪ್ರಶ್ನೆ, ನಂದೂ ಸೇರಿ.

ಆದ್ರೆ ಆ ವಯಸ್ಸಿನ ಚಾರ್ಟ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸ್ಬೇಡಿ. ಪಿಯಾಜೆ ಮಕ್ಳನ್ನ ಕಮ್ಮಿ ಅಂದಾಜು ಮಾಡಿದ್ರು ಅಂತ ಆಮೇಲೆ ಬೇಕಾದಷ್ಟು ಜನ ತೋರಿಸಿದಾರೆ. ನಂಗೆ ತುಂಬ ಇಷ್ಟ ಆಗಿದ್ದು 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಮಾಡಿದ್ದು. ಎರಡು ಸಾಲಲ್ಲಿ ಸಮ ಸಮ ಬಿಲ್ಲೆ ಜೋಡಿಸಿ ಒಂದು ಸಾಲಿನ ಉದ್ದ ಬದಲಾಯಿಸಿ, ಈಗ ಸಮಾನಾ ಅಂತ ಕೇಳೋದು. ದೊಡ್ಡೋರು ಬೇಕಂತ ಸರಿಸಿ ಕೇಳಿದ್ರೆ ನಾಕೈದು ವರ್ಷದ ಹೆಚ್ಚಿನ ಮಕ್ಳು ಇಲ್ಲ ಅಂದ್ವು. ಅದೇ ಸಾಲನ್ನ ಒಂದು ತುಂಟ ಟೆಡ್ಡಿ ಗೊಂಬೆ ಬಂದು ಕೆಡಿಸಿಬಿಡ್ತು ಅಂತ ಆಟ ಕಟ್ಟಿ ಕೇಳಿದಾಗ, ಬಹುಪಾಲು ಮಕ್ಳು ಸಮಾನೇ ಇದೆ ಅಂದ್ವು! ಲೆಕ್ಕ ಅದೇ, ಬಿಲ್ಲೆ ಅದೇ. ಮಗು ನಮ್ ಪ್ರಶ್ನೆಗಿಂತ ಮುಂಚೆ ನಮ್ ಮುಖ ಓದತ್ತೆ, ಇವ್ರು ಬೇಕಂತ ಸರಿಸಿದಾರೆ ಅಂದ್ರೆ ಏನೋ ಬದಲಾಗಿರ್ಬೇಕು ಅಂತ. ಒಂದೇ ಪ್ರಶ್ನೆ ಎರಡನೇ ಸಲ ಕೇಳಿದ್ರೂ ಹಾಗೇ. "ಸರಿಯಾಗಿ ನೋಡಿ ಹೇಳು" ಅಂತೀವಲ್ಲ ನಾವು, ಸರಿ ಹೇಳಿದ್ದ ಮಗೂನೂ ಆಗ ಉತ್ರ ಬದಲಾಯಿಸಿಬಿಡತ್ತೆ. ನಮ್ಮನೇಲಿ ಐದು ಬೆರಳು ತೋರ್ಸಿ ಎಷ್ಟು ಅಂದೆ, ಐದು ಅಂದ, ನಾನು ಸುಮ್ನೆ "ಹಾಂ?" ಅಂದೆ ಕಿವಿಗೆ ಬೀಳ್ದೆ, ತಕ್ಷಣ ಆರು ಅಂದ. ವರ್ಕ್‌ಶೀಟ್ ನೋಡಿ ಮಗೂಗೆ ಬರಲ್ಲ ಅಂತ ತೀರ್ಮಾನ ಮಾಡೋ ಮುಂಚೆ ಇದು ನೆನಪಿಟ್ಕೊಳಿ ಮೇಡಂ.

ಇನ್ನೊಬ್ರು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿ. ಅವ್ರೂ 1896ರಲ್ಲೇ ಹುಟ್ಟಿದ್ದು, ಆದ್ರೆ ಕ್ಷಯ ಬಂದು 1934ರಲ್ಲಿ 37 ವರ್ಷಕ್ಕೇ ಹೋಗ್ಬಿಟ್ರು. ಮಕ್ಳು ಆಡ್ತಾ ಆಡ್ತಾ ತಮ್ಮಷ್ಟಕ್ಕೆ ತಾವೇ ಮಾತಾಡ್ಕೊಳ್ತಾವಲ್ಲ, ಪಿಯಾಜೆ ಅದನ್ನ ಬರೀ ತನ್ನ ಲೋಕದಲ್ಲಿರೋ ಮಗೂನ ಮಾತು, ದೊಡ್ಡದಾಗ್ತಾ ಮಾಯ ಆಗತ್ತೆ ಅಂದ್ಕೊಂಡಿದ್ರು. ವೈಗಾಟ್‌ಸ್ಕಿ ಇಲ್ಲ, ಅದು ಹೋಗಲ್ಲ, ಒಳಗಿಳಿದು ಯೋಚ್ನೆ ಆಗತ್ತೆ ಅಂದ್ರು. ನನ್ ಮಗ ಬ್ಲಾಕ್ಸ್ ಜೋಡಿಸ್ವಾಗ ಬಾಗ್ಲ ಹಿಂದೆ ನಿಂತು ಕೇಳಿದೀನಿ, "ದೊಡ್ದು ಕೆಳ್ಗೆ... ನೋ ನೋ, ಬೀಳತ್ತೆ... ಇದು ಇಲ್ಲಿ, ದೆನ್ ದಿಸ್ ಒನ್". ನಾನು ಒಳಗೆ ಹೋದ್ರೆ ಬಾಯಿ ಮುಚ್ಕೋತಾನೆ. ಅದಕ್ಕೇ ಹೋಗಲ್ಲ ಈಗ.

ವೈಗಾಟ್‌ಸ್ಕಿಯವ್ರ ಇನ್ನೊಂದು ಮಾತಿದೆ, ಮಗು ತಾನೊಂದೇ ಮಾಡೋದಕ್ಕೂ ಗೊತ್ತಿರೋರು ಜತೆಗಿದ್ರೆ ಮಾಡೋದಕ್ಕೂ ನಡುವೆ ಒಂದು ಜಾಗ ಇದೆ, ಕಲಿಯೋದು ಅಲ್ಲೇ ಅಂತ. ಜಾಕೆಟ್ ಜಿಪ್ ನೋಡಿ. ಕೆಳಗಡೆ ಕೊಕ್ಕೆ ಸೇರ್ಸೋದು ಅವ್ನಿಗೆ ಬರಲ್ಲ, ಎಳೆಯೋದು ಬರತ್ತೆ. ಲೇಟಾಯ್ತು ಅಂತ ಒಂದ್ ವರ್ಷ ಪೂರ್ತಿ ನಾನೇ ಹಾಕ್ದೆ, ಏನೂ ಕಲೀಲಿಲ್ಲ. ಈಗ ಕೆಳಗೆ ಹಿಡ್ಕೊಂಡಿರ್ತೀನಿ ಅಷ್ಟೇ. ತಡವರಿಸಿದ್ರೆ ಒಂಚೂರು ಜಾಸ್ತಿ ಕೈ ಹಾಕೋದು, ಬಂತು ಅಂದ್ರೆ ಬಿಡೋದು. ಈ ಬಿಡೋದು ಇದೆಯಲ್ಲ, ಅದೇ ಕಷ್ಟ ನಂಗೆ.

ಇನ್ನು ಕನ್ನಡ ನಿಲ್ಲಿಸೋ ವಿಷ್ಯ. ದಯವಿಟ್ಟು ನಿಲ್ಲಿಸ್ಬೇಡಿ. ಎರಡು ಭಾಷೆ ಇದ್ರೆ ಮಗು ಹಿಂದೆ ಬೀಳತ್ತೆ ಅನ್ನೋದು ಹಳೇ ನಂಬಿಕೆ, 1962ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಳನ್ನ ಪರೀಕ್ಷೆ ಮಾಡಿದಾಗ ಫ್ರೆಂಚ್ ಇಂಗ್ಲಿಷ್ ಎರಡೂ ಬರೋ ಮಕ್ಳೇ ಮುಂದಿದ್ರು. ಹಾಗಂತ ಎರಡು ಭಾಷೆ ಬಂದ್ರೆ ಬುದ್ಧಿ ಜಾಸ್ತಿ ಅಂತ ಫಾರ್ವರ್ಡ್ ಮಾಡೋ ಅಣ್ಣಂದಿರೇ, ಅದೂ ಗಟ್ಟಿ ಇಲ್ಲ, ಆಮೇಲಿನ ಅಧ್ಯಯನಗಳು ಒಂದೊಂದು ಒಂದೊಂದು ಹೇಳ್ತಾವೆ. ಅದಿರ್ಲಿ, ನಮ್ಗೆ ಹತ್ರದ್ದು ಒಂದಿದೆ. 1984ರಲ್ಲಿ ವರ್ಕರ್ ಮತ್ತು ಟೀಸ್ ಅನ್ನೋ ಸಂಶೋಧಕರು ಇಂಗ್ಲಿಷ್ ಮನೆ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದ್ರು. ಆರೆಂಟು ತಿಂಗಳ ಕೂಸಿಗೆ ವ್ಯತ್ಯಾಸ ಗೊತ್ತಾಗ್ತಿತ್ತು, ಹತ್ತು ಹನ್ನೆರಡು ತಿಂಗಳಿಗೆ ಬಹುತೇಕ ಹೋಗಿತ್ತು. ನಮ್ ತ-ಟನೇ ಅದು! ಕಿವಿಗೆ ಬೀಳ್ತಾ ಇರ್ದಿದ್ರೆ ಹೋಗ್ಬಿಡತ್ತೆ. ಹಾಗಿದ್ರೆ ಕನ್ನಡ ರೈಮ್ಸ್ ವಿಡಿಯೋ ಹಾಕಿಟ್ರೆ ಸಾಕಲ್ವಾ ಅಂತೀರಾ, ಅದಕ್ಕೂ 2003ರಲ್ಲಿ ಪೆಟ್ರೀಷಿಯಾ ಕೂಲ್ ತಂಡ ಉತ್ರ ಕೊಟ್ಟಿದೆ. ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜತೆ ಹನ್ನೆರಡು ಸಲ ಚೀನಿ ಭಾಷೆಯೋರು ಎದುರಿಗೆ ಕೂತು ಆಡಿದ್ರೆ ಆ ಭಾಷೆ ಶಬ್ದ ಕಿವಿಗೆ ಹತ್ತಿತು, ಅದನ್ನೇ ಟೀವೀಲಿ ತೋರ್ಸಿದ್ರೆ ಏನೂ ಹತ್ತಲಿಲ್ಲ. ಲೈವ್ ವಿಡಿಯೋ ಕಾಲ್ ಮಾತ್ರ ಬೇರೆ, ಅಲ್ಲಿ ಆಕಡೆಯೋರು ಮಗೂಗೆ ತಿರುಗಿ ಉತ್ರ ಕೊಡ್ತಾರೆ, 2014ರ ಒಂದು ಅಧ್ಯಯನದಲ್ಲಿ ಎರಡು ವರ್ಷದ ಮಕ್ಳು ಹಾಗೆ ಹೊಸ ಪದ ಕಲಿತ್ವು, ರೆಕಾರ್ಡ್ ಮಾಡಿದ್ದು ತೋರ್ಸಿದಾಗ ಕಲೀಲಿಲ್ಲ.

(ಎರಡು ಭಾಷೇಲೂ ಮಾತೇ ಬರ್ತಿಲ್ಲ, ಕರೆದ್ರೆ ತಿರುಗಲ್ಲ ಅಂದ್ರೆ ಅದು ಬೇರೆ, ಗ್ರೂಪಲ್ಲಿ ಕೇಳ್ಬೇಡಿ, ಮೊದ್ಲು ಡಾಕ್ಟ್ರ ಹತ್ರ ಕಿವಿ ಪರೀಕ್ಷೆ ಮಾಡ್ಸಿ.)

ಹೋದ ವಾರ ಅಜ್ಜಿ ಕಾಲ್ ಮಾಡಿದ್ರು. ಇವನು "ಅಜ್ಜಿ, ನಾನು ಅಕ್ಕಂಗೆ ಬಾಲ್ ಕೊಡ್ದೆ" ಅಂದ. ನಂಗೆ ಗೊಂದಲ, ಕೊಡದೆ ಓಡಿ ಬಂದ್ನಾ, ಕೊಟ್ನಾ? ಆಮೇಲೆ ಹೊಳೀತು, ಮಾಡ್ದೆ, ಓಡ್ದೆ, ನೋಡ್ದೆ, ಅದೇ ಅಚ್ಚಲ್ಲಿ ಕೊಡ್ದೆ. ನಾವ್ಯಾರೂ ಹಾಗೆ ಹೇಳಿಲ್ಲ, ವ್ಯಾಕರಣದ ನಿಯಮ ಅವ್ನೇ ಕಂಡ್ಕೊಂಡಿದಾನೆ. ನಾನು ತಿದ್ದಕ್ಕೆ ಬಾಯಿ ತೆಗಿಯೋ ಅಷ್ಟ್ರಲ್ಲಿ ಅಜ್ಜಿ "ಹೌದೇನೋ, ಬಾಲ್ ಕೊಟ್ಯಾ? ಅಕ್ಕ ಏನ್ ಕೊಟ್ಲು ನಿಂಗೆ?" ಅಂದ್ರು. "ಏನೂ ಕೊಟ್ಟಿಲ್ಲ" ಅಂದ, ಮುಖ ಊದಿಸ್ಕೊಂಡು.